ಕಟ್ಟಿಗೆ ಅಂದರೆ ಸೌದೆಯೋ, ಮರವೋ?

ಪ್ರಶ್ನೆ: ನಾನು ಮೈಸೂರು ಕಡೆಯವಳು. ಮದುವೆಯಾದ ಮೇಲೆ ಧಾರವಾಡದಲ್ಲಿದ್ದೇನೆ. ನಮ್ಮಲ್ಲಿ ಕಟ್ಟಿಗೆ ಅಂದರೆ ಒಲೆಗೆ ಇಡುವ ಸೌದೆ. ಇಲ್ಲಿ ‘ಕಟ್ಟಿಗೆ ಬಾಗಿಲು’, ‘ಕಟ್ಟಿಗೆ ಕುರ್ಚಿ’ ಅನ್ನುತ್ತಾರೆ. ಮೊನ್ನೆ ಮಗಳ ಪರೀಕ್ಷೆಯಲ್ಲಿ ‘ಕಟ್ಟಿಗೆ’ ಪದಕ್ಕೆ ಸಮಾನಾರ್ಥಕ ಪದಗಳನ್ನು ಕೇಳಿದ್ದರು. ಅವಳು ‘ಸೌದೆ, ಮರ, ವೃಕ್ಷ’ ಎಂದು ಬರೆದಳು. ಸೌದೆಗೆ ಮಾತ್ರ ಅಂಕ ಬಂತು. ಕಟ್ಟಿಗೆಯ ಸರಿಯಾದ ಅರ್ಥ ಯಾವುದು? ‘ಕಟ್ಟು’ ಅನ್ನುವುದರಿಂದಲೇ ಈ ಪದ ಬಂತಾ? ಇದಕ್ಕೆ ಇನ್ನೂ ಯಾವ ಯಾವ ಪದಗಳಿವೆ?

ಉತ್ತರ: ನಿಮ್ಮ ಮಗಳಿಗೆ ಇನ್ನೊಂದು ಅಂಕ ಸಿಗಬೇಕಿತ್ತು. ‘ಮರ’ ಎಂದು ಬರೆದದ್ದು ಸರಿ. ಅದರಲ್ಲೂ ಧಾರವಾಡದಲ್ಲಿ ಕೂತು ಬರೆದ ಉತ್ತರಕ್ಕೆ ಅದು ಖಂಡಿತ ಸರಿ. ‘ವೃಕ್ಷ’ ಮಾತ್ರ ಸರಿಯಲ್ಲ.

ಮೊದಲು ವೃಕ್ಷದ ವಿಷಯ ಮುಗಿಸಿಬಿಡುತ್ತೇನೆ. ವೃಕ್ಷ ಅಂದರೆ ನೆಲದಲ್ಲಿ ಬೇರು ಬಿಟ್ಟು ನಿಂತಿರುವ ಮರ. ಪಾದಪ, ಭೂರುಹ, ತರು, ಇವೂ ಅಷ್ಟೇ. ಪಾದಪ ಅಂದರೆ ಕಾಲಿನಿಂದ, ಅಂದರೆ ಬೇರಿನಿಂದ ನೀರು ಕುಡಿಯುವುದು. ಭೂರುಹ ಅಂದರೆ ಭೂಮಿಯಲ್ಲಿ ಬೆಳೆಯುವುದು. ಕೊಡಲಿ ಬಿದ್ದ ಮೇಲೆ ಅದು ಕುಡಿಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ‘ವೃಕ್ಷದ ಕುರ್ಚಿ’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ‘ಮರ’ಕ್ಕೆ ಎರಡು ಅರ್ಥ ಇರುವುದರಿಂದ ಮಕ್ಕಳು ಇಲ್ಲಿ ಜಾರುತ್ತಾರೆ. ಮರ ಅಂದರೆ ವೃಕ್ಷ, ಮರ ಅಂದರೆ ಕಟ್ಟಿಗೆ, ಹಾಗಾಗಿ ವೃಕ್ಷ ಅಂದರೆ ಕಟ್ಟಿಗೆ ಎಂದು ಲೆಕ್ಕ ಹಾಕಿಬಿಡುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮೈಸೂರಿನ ಕಟ್ಟಿಗೆ ಸರಿಯೋ, ಧಾರವಾಡದ ಕಟ್ಟಿಗೆ ಸರಿಯೋ? ಎರಡೂ ಸರಿ. ಆದರೆ ಎರಡೂ ಕಡೆ ಆ ಪದ ನಿಂತಿರುವ ಜಾಗ ಬೇರೆ. ಅದು ಗೊತ್ತಾಗಬೇಕಾದರೆ ಕಟ್ಟಿಗೆಯನ್ನು ಒಂದೇ ಹಿಡಿದು ನೋಡಿದರೆ ಆಗುವುದಿಲ್ಲ. ಅದರ ಅಕ್ಕಪಕ್ಕದ ‘ಗಿಡ’ ಮತ್ತು ‘ಮರ’ ಎರಡನ್ನೂ ಜೊತೆಗೆ ನೋಡಬೇಕು.

ಮೈಸೂರು, ಮಂಡ್ಯ, ಹಾಸನ, ತುಮಕೂರಿನ ಕಡೆ ಗಿಡ ಅಂದರೆ ಚಿಕ್ಕದು, ಮರ ಅಂದರೆ ದೊಡ್ಡದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆ ಈ ಲೆಕ್ಕದಲ್ಲೇ ಇದೆ. ಆ ದೊಡ್ಡ ಮರವನ್ನು ಕಡಿದು ಬಾಗಿಲು ಮಾಡಿದರೆ ಅದೂ ‘ಮರದ ಬಾಗಿಲು’. ಒಲೆಗೆ ಹಾಕಿದರೆ ಸೌದೆ. ಕಟ್ಟಿಗೆ ಎಂಬ ಮಾತು ಗೊತ್ತಿದ್ದರೂ ಅದು ಸೌದೆಯ ಇನ್ನೊಂದು ಹೆಸರಾಗಿ ಮಾತ್ರ ಉಳಿದಿದೆ.

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿಯ ಆಡುಮಾತಿನಲ್ಲಿ ನೋಡಿ. ಅಲ್ಲಿ ದೊಡ್ಡ ಮರಕ್ಕೂ ‘ಗಿಡ’ ಅಂತಲೇ ಹೇಳುತ್ತಾರೆ. ‘ಬೇವಿನ ಗಿಡದ ಕೆಳಗ ಕುಂತೇವಿ’ ಎಂದರೆ ಅದು ಹತ್ತಾರು ಜನಕ್ಕೆ ನೆರಳು ಕೊಡುವ ಬೇವಿನ ಮರ. ಚಿಕ್ಕದಕ್ಕೆ ಸಸಿ, ಅಗಿ, ಪೊದೆಯಂಥದಕ್ಕೆ ಕಂಟಿ ಎಂಬ ಪದಗಳಿವೆ. ಹೀಗೆ ನಿಂತ ಮರಕ್ಕೆ ಗಿಡ ಸಾಕಾಯಿತು. ಕಡಿದ ಮರಕ್ಕೆ ಒಂದು ಪದ ಬೇಕಲ್ಲ? ಆ ಜಾಗದಲ್ಲಿ ಕಟ್ಟಿಗೆ ಕೂತಿದೆ. ಬಾಗಿಲಿಗೆ ಬಂದದ್ದೂ ಕಟ್ಟಿಗೆ, ಒಲೆಗೆ ಬಂದದ್ದೂ ಕಟ್ಟಿಗೆ. ಪಕ್ಕದ ಮರಾಠಿಯ ‘ಲಾಕೂಡ’, ಹಿಂದಿಯ ‘ಲಕ್ಡಿ’ ಸಹ ಹೀಗೇ ಎರಡೂ ಅರ್ಥದಲ್ಲಿ ಬಳಕೆಯಾಗುತ್ತವೆ.

ನೀವು ಧಾರವಾಡದಲ್ಲೇ ಇದ್ದೀರಲ್ಲ, ಒಮ್ಮೆ ಬಡಿಗೇರ ಅಂಗಡಿಗೆ ಹೋಗಿ ಸುಮ್ನೆ ಕಿವಿಗೊಡಿ. ಚೌಕಟ್ಟಿಗೆ ತಂದಿಟ್ಟ ತುಂಡನ್ನು ತಿರುಗಿಸಿ ತೋರಿಸುತ್ತಾ, ‘ಕಟ್ಟಿಗಿ ಭಾಳ ಚಲೋ ಐತ್ರಿ, ಸಾಗವಾನಿ. ಎಲ್ಲೂ ಗಂಟಿಲ್ಲ ನೋಡ್ರಿ’ ಅನ್ನುತ್ತಾರೆ. ಅದೇ ತುಂಡನ್ನು ಮೈಸೂರಿನ ಆಚಾರಿ ತೋರಿಸಿದರೆ, ‘ಮರ ಚೆನ್ನಾಗಿದೆ ಸಾರ್, ಬಲಿತಿರೋ ತೇಗ’ ಅನ್ನುತ್ತಾರೆ. ತುಂಡು ಒಂದೇ. ಅಲ್ಲಿ ಕಟ್ಟಿಗೆ, ಇಲ್ಲಿ ಮರ. ಅಲ್ಲಿ ಸಾಗವಾನಿ, ಇಲ್ಲಿ ತೇಗ. ಮಾರುವ ಜಾಗಕ್ಕೆ ಅಲ್ಲಿ ಕಟ್ಟಿಗೆ ಅಡ್ಡೆ, ಇಲ್ಲಿ ಟಿಂಬರ್ ಡಿಪೋ.

ಉತ್ತರ ಕರ್ನಾಟಕದ ಕಟ್ಟಿಗೆಗೆ ಇನ್ನೂ ಒಂದು ಅರ್ಥವಿದೆ. ಕಲಬುರಗಿ, ರಾಯಚೂರಿನ ಕಡೆ ತೊಗರಿ ಕಿತ್ತು ಬಡಿದ ಮೇಲೆ ಉಳಿಯುವ ಒಣ ಕಾಂಡಕ್ಕೆ ‘ತೊಗರಿ ಕಟ್ಟಿಗೆ’ ಅನ್ನುತ್ತಾರೆ. ಹಾಗೇ ‘ಹತ್ತಿ ಕಟ್ಟಿಗೆ’. ಇದು ಮರದಿಂದ ಬಂದದ್ದೇ ಅಲ್ಲ, ಹೊಲದ ಬೆಳೆ. ಆದರೂ ಗಟ್ಟಿಯಾಗಿ, ಒಣಗಿ, ಒಲೆಗೆ ಬರುತ್ತದೆ. ಹಾಗಾಗಿ ಅದೂ ಕಟ್ಟಿಗೆ. ದಕ್ಷಿಣದಲ್ಲಿ ಇದಕ್ಕೆ ತೊಗರಿ ಕಡ್ಡಿ ಎಂದೇ ಹೇಳುತ್ತಾರೆ, ಯಾರೂ ತೊಗರಿ ಸೌದೆ ಅನ್ನುವುದಿಲ್ಲ.

‘ಕಟ್ಟು’ ಅನ್ನುವುದರಿಂದ ಕಟ್ಟಿಗೆ ಬಂತಾ ಎಂದು ಕೇಳಿದ್ದೀರಿ. ಕಟ್ಟಿ ಹೊರುತ್ತಾರೆ, ಅದಕ್ಕೇ ಕಟ್ಟಿಗೆ ಎಂಬ ವಿವರಣೆ ತುಂಬಾ ಜನರ ಬಾಯಲ್ಲಿದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಕಟ್ಟಿದ್ದಕ್ಕೆ ನಮ್ಮಲ್ಲಿ ‘ಹೊರೆ’ ಎಂಬ ಪದ ಬೇರೆಯೇ ಇದೆ. ‘ಒಂದು ಹೊರೆ ಕಟ್ಟಿಗೆ’ ಅನ್ನುತ್ತೇವೆ. ಬಿಡಿ ತುಂಡೂ ಕಟ್ಟಿಗೆಯೇ. ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ತಮಿಳಿನಲ್ಲಿ ‘ಕಟ್ಟೈ’ ಅಂದರೆ ಮರದ ತುಂಡು, ಮೋಟು. ತೆಲುಗಿನಲ್ಲಿ ‘ಕಟ್ಟೆ’ ಅಂದರೆ ಕೋಲು, ಸೌದೆ. ಎಲ್ಲಿಯೂ ಕಟ್ಟುವ ಮಾತಿಲ್ಲ. ಸಂಸ್ಕೃತದ ‘ಕಾಷ್ಠ’ವು ಪ್ರಾಕೃತದಲ್ಲಿ ‘ಕಟ್ಠ’ ಆಗಿರುವುದರಿಂದ ಕಟ್ಟಿಗೆಯನ್ನು ಅದಕ್ಕೆ ಜೋಡಿಸುವವರೂ ಇದ್ದಾರೆ. ಕೇಳಲು ಹತ್ತಿರ ಅನ್ನಿಸುತ್ತದೆ, ನಿಜ. ಆದರೆ ತಮಿಳು ತೆಲುಗಿನ ಒಡಹುಟ್ಟುಗಳು ಕಣ್ಣೆದುರೇ ಇರುವಾಗ ಇದು ನಮ್ಮದೇ ದ್ರಾವಿಡ ಪದ ಎಂಬ ಕಡೆಗೇ ನನ್ನ ಒಲವು.

ಕೋಲು ಎಂಬ ಅರ್ಥ ಹಳೆಯ ಕನ್ನಡದ ಕಟ್ಟಿಗೆಯಲ್ಲೂ ಇತ್ತು. ಅರಮನೆಯ ಬಾಗಿಲಲ್ಲಿ ಕೋಲು ಹಿಡಿದು ನಿಂತು ಜನರನ್ನು ಸರಿಸುವವನಿಗೆ ‘ಕಟ್ಟಿಗೆಕಾರ’ ಎಂದು ಹೆಸರು. ಇಂದಿನ ಓದುಗರು ಇದನ್ನು ಸೌದೆ ಮಾರುವವನು ಎಂದುಕೊಂಡುಬಿಡುತ್ತಾರೆ. ಅವನು ರಾಜನ ದ್ವಾರಪಾಲಕ. ಮುಂದೆ ಪಾರ್ಸಿಯಿಂದ ‘ಚೋಬ್‌ದಾರ್’ ಬಂತು. ಚೋಬ್ ಅಂದರೆ ಮರ, ಕೋಲು. ದಾರ್ ಅಂದರೆ ಹಿಡಿದವನು. ಎರಡು ಭಾಷೆಗಳು ಒಂದೇ ಕೆಲಸಕ್ಕೆ ಒಂದೇ ರೀತಿ ಹೆಸರಿಟ್ಟಿವೆ! ಚೋಪದಾರ ಎಂಬ ಮನೆತನದ ಹೆಸರು ನಿಮ್ಮ ಭಾಗದಲ್ಲಿ ಈಗಲೂ ಕೇಳಸಿಗುತ್ತದೆ.

ಇನ್ನು ‘ಮರ’. ಇದು ದ್ರಾವಿಡ ಭಾಷೆಗಳ ತುಂಬ ಹಳೆಯ ಪದ. ತಮಿಳು, ಮಲಯಾಳದಲ್ಲಿ ಮರಂ, ತುಳುವಿನಲ್ಲಿ ಮರ, ತೆಲುಗಿನಲ್ಲಿ ಮ್ರಾನು. ಹಳಗನ್ನಡದಲ್ಲಿ ‘ಮರನ್’ ಎಂಬ ರೂಪವೂ ಇದೆ. ನಿಂತದ್ದೂ ಮರ, ಕಡಿದದ್ದೂ ಮರ ಎಂಬ ಎರಡು ಅರ್ಥ ಬಹಳ ಹಿಂದಿನಿಂದಲೇ ಒಟ್ಟಿಗಿವೆ. ಮಾತಿನ ಸಂದರ್ಭ ನೋಡಿ ನಾವು ಬೇರೆ ಮಾಡಿಕೊಳ್ಳುತ್ತೇವೆ. ‘ಮರ ಹತ್ತು’ ಅಂದರೆ ನಿಂತ ಮರ. ‘ಮರ ಕುಯ್ಯಿಸು’ ಅಂದರೆ ಸಾಮಿಲ್ಲಿನ ಮರ.

ಕಾನೂನಿಗೆ ಮಾತ್ರ ಹೀಗೆ ನಡೆಯುವುದಿಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ನಿಂತ ಮರಕ್ಕೂ ಕಡಿದ ಮರಕ್ಕೂ ಬೇರೆ ಬೇರೆ ವ್ಯಾಖ್ಯೆ ಇದೆ. ಬಿದ್ದ ಅಥವಾ ಕಡಿದ ಮರ, ಮತ್ತು ಕೊಯ್ದಿರಲಿ, ಕೆತ್ತಿರಲಿ, ಹಾಗೇ ಇರಲಿ, ಎಲ್ಲ ಬಗೆಯ ಕಟ್ಟಿಗೆಯೂ ‘ಟಿಂಬರ್’. ನಿಂತದ್ದು ‘ಟ್ರೀ’. ಹುಲ್ಲಿನ ಜಾತಿಗೆ ಸೇರಿದ ಬಿದಿರು ಕೂಡ ಬಹಳ ಕಾಲ ಈ ಕಾಯ್ದೆಯಲ್ಲಿ ಮರವಾಗಿಯೇ ಇತ್ತು. 2017ರ ತಿದ್ದುಪಡಿಯಲ್ಲಿ ಅದನ್ನು ಮರದ ವ್ಯಾಖ್ಯೆಯಿಂದ ತೆಗೆದರು. ಒಂದು ಪದದ ವ್ಯಾಖ್ಯೆ ಬದಲಾಗಿದ್ದಕ್ಕೆ ತನ್ನ ಜಮೀನಿನ ಬಿದಿರು ಕಡಿದು ಸಾಗಿಸುವುದು ರೈತನಿಗೆ ಸುಲಭವಾಯಿತು.

ಮರದಿಂದ ಹುಟ್ಟಿದ ಜೋಡುಪದಗಳಲ್ಲಿ ನನಗೆ ಬಹಳ ಇಷ್ಟವಾದದ್ದು ‘ಮರಗಟ್ಟು’. ತುಂಬ ಹೊತ್ತು ಚಕ್ಕಲಮಕ್ಕಲ ಹಾಕಿ ಕೂತರೆ ಕಾಲು ಮರಗಟ್ಟುತ್ತದೆ. ಚಿವುಟಿದರೂ ಗೊತ್ತಾಗುವುದಿಲ್ಲ. ಒಂದು ಪದದಲ್ಲಿ ಇಷ್ಟು ನಿಖರವಾಗಿ ಹೇಳುವುದು ಕಷ್ಟ. ಮರಗೆಲಸ, ಮರಗಾಲು, ಮರಕುಟಿಗ ನಿಮಗೆ ಗೊತ್ತೇ ಇದೆ. ಮರಗೆಣಸು, ಮರದರಿಸಿನದಲ್ಲೂ ಇದೇ ಮರ ಇದೆ. ಮರದರಿಸಿನಕ್ಕೆ ಹತ್ತಿರದ ಸಂಸ್ಕೃತದ ಹೆಸರು ‘ದಾರುಹರಿದ್ರಾ’. ದಾರು ಅಂದರೆ ಮರ, ಹರಿದ್ರಾ ಅಂದರೆ ಅರಿಸಿನ. ಎರಡೂ ಹೆಸರಿನ ಕಟ್ಟಡ ಒಂದೇ.

ಆದರೆ ಗೌರಿ ಹಬ್ಬದ ‘ಮರದ ಬಾಗಿನ’ದಲ್ಲಿ ಕಟ್ಟಿಗೆ ಹುಡುಕಬೇಡಿ. ಅದು ಬಿದಿರಿನ ‘ಮೊರ’. ಕೆಲವು ಕಡೆ ಮೊರವನ್ನೇ ಮರ ಅನ್ನುತ್ತಾರೆ. ಉಚ್ಚಾರ ಒಂದಾಗಿದೆ, ಪದ ಬೇರೆ.

ಈಗ ಸೌದೆಯ ಕಡೆ ಬರೋಣ. ಪದಗಳ ಸಂಪತ್ತು ನಿಜವಾಗಿ ಇರುವುದು ಒಲೆಯ ಮುಂದೆ. ಸಮಾನಾರ್ಥಕ ಎಂದು ಪಟ್ಟಿಯಲ್ಲಿ ಒಟ್ಟಿಗೆ ಹಾಕುವ ಪದಗಳಲ್ಲಿ ಒಂದೊಂದಕ್ಕೂ ಒಲೆಯ ಮುಂದೆ ಬೇರೆ ಬೇರೆ ಕೆಲಸವಿದೆ. ಹಂಡೆ ಒಲೆ ಹೊತ್ತಿಸುವುದನ್ನೇ ನೋಡಿ. ಮೊದಲು ಅಡಿಗೆ ಒಣ ಎಲೆ ಹಾಕುತ್ತಾರೆ, ಅದು ತರಗು. ಮಲೆನಾಡಿನಲ್ಲಿ ದರಕು. ಅದರ ಮೇಲೆ ಬೆರಳು ಗಾತ್ರದ, ಮುರಿದರೆ ಪಟ್ ಎನ್ನುವ ಒಣ ಕಡ್ಡಿಗಳು. ಅದು ಪುರಲೆ, ಕೆಲವರ ಬಾಯಲ್ಲಿ ಪುಳ್ಳೆ. ಮಲೆನಾಡಿನಲ್ಲಿ ಇಂಥ ಒಣ ರೆಂಬೆಗಳ ರಾಶಿಗೆ ಜಿಗ್ಗು ಅನ್ನುತ್ತಾರೆ. ಪುರಲೆ ಹತ್ತಿಕೊಂಡ ಮೇಲೆ ಚಕ್ಕೆ ಇಡುತ್ತಾರೆ. ಚಕ್ಕೆ ಅಂದರೆ ಕೊಡಲಿಯಿಂದ ಸೀಳಿದ ತೆಳು ತುಂಡು. ಸೀಳಿದ ಮೈಗೆ ಬೆಂಕಿ ಬೇಗ ಹತ್ತುತ್ತದೆ. ಆಮೇಲೆ ಸೌದೆ. ಬೆಂಕಿ ಚೆನ್ನಾಗಿ ಹತ್ತಿದ ಮೇಲೆ ಒಂದು ದಪ್ಪ ತುಂಡನ್ನು ಒಳಗೆ ದೂಡಿದರೆ ಗಂಟೆಗಟ್ಟಲೆ ಒಲೆ ನೋಡಬೇಕಾಗಿಲ್ಲ. ಮಲೆನಾಡಿನ ಬಚ್ಚಲೊಲೆಗೆ ಹಾಕುವ ಇಂಥ ದಿಮ್ಮಿಗೆ ‘ಕುಂಟೆ’ ಎಂದು ಹೆಸರು. ಬಯಲುಸೀಮೆಯವರು ಕುಂಟೆ ಅಂದರೆ ಹೊಲದಲ್ಲಿ ಕಳೆ ತೆಗೆಯುವ ಸಾಧನ ಎಂದುಕೊಳ್ಳುತ್ತಾರೆ. ಹಾಗಾಗಿ ‘ಒಲೆಗೆ ಕುಂಟೆ ಹಾಕು’ ಅಂದರೆ ಗಾಬರಿಯಾಗುವುದು ಸಹಜ.

ಉರಿಯುತ್ತಿರುವ ತುಂಡಿಗೆ ಸೌದೆ ಎಂಬ ಹೆಸರು ಹೋಗಿ ‘ಕೊಳ್ಳಿ’ ಎಂಬ ಹೆಸರು ಬರುತ್ತದೆ. ‘ಕೊಳ್ಳಿ ಇಡು’, ‘ಕೊಳ್ಳಿ ದೆವ್ವ’ ಎಲ್ಲ ಇದರಿಂದಲೇ. ಪೂರ್ತಿ ಕೆಂಪಾದರೆ ಕೆಂಡ. ನೀರು ಚಿಮುಕಿಸಿ ಆರಿಸಿದರೆ ಇದ್ದಿಲು. ಹಾಗೇ ಬಿಟ್ಟರೆ ಬೂದಿ. ಅಂಗಳದಿಂದ ಬೂದಿಯ ತನಕ ಒಂದೇ ಮರದ ತುಂಡು ಎಷ್ಟು ಹೆಸರು ಹೊತ್ತು ಹೋಗುತ್ತದೆ ನೋಡಿ. ಗ್ಯಾಸ್ ಒಲೆ ಬಂದ ಮೇಲೆ ಹೊಗೆಯಿಂದ ಹೆಂಗಸರ ಕಣ್ಣು, ಎದೆ ಉಳಿದಿದೆ, ಅದು ದೊಡ್ಡ ಸಮಾಧಾನ. ಆದರೆ ಪುರಲೆ, ಚಕ್ಕೆ, ಜಿಗ್ಗು ಎಂದರೆ ಪಟ್ಟಣದ ಮಕ್ಕಳಿಗೆ ಗೊತ್ತಿಲ್ಲ. ಪಠ್ಯದಲ್ಲಿ ‘ಕಟ್ಟಿಗೆ = ಸೌದೆ’ ಎಂದು ಒಂದು ಸಾಲು ಬರೆಸಿ ಮುಗಿಸುವ ಬದಲು ಮೇಷ್ಟ್ರು ಈ ಒಲೆಯ ಕತೆಯನ್ನು ಹತ್ತು ನಿಮಿಷ ಹೇಳಿದರೆ ಎಷ್ಟು ಚೆನ್ನ.

‘ಉರುವಲು’ ಎಂಬುದನ್ನೂ ಸೌದೆಗೆ ಸಮ ಎಂದು ಬರೆಯುತ್ತಾರೆ. ಅಂಕ ಸಿಗುತ್ತದೆ, ಆದರೆ ಅಳತೆ ಒಂದೇ ಅಲ್ಲ. ಉರುವಲು ಅಂದರೆ ಉರಿಸಲು ಬಳಸುವ ಏನಾದರೂ ಸರಿ. ತೆಂಗಿನ ಮಟ್ಟೆ, ಸೋಗೆ, ಕರಟ, ಬೆರಣಿ ಎಲ್ಲವೂ ಉರುವಲು. ಅವನ್ನು ಸೌದೆ ಅನ್ನುವುದಿಲ್ಲ. ಸೌದೆಯೆಲ್ಲ ಉರುವಲೇ, ಉರುವಲೆಲ್ಲ ಸೌದೆಯಲ್ಲ. ಅಂದಹಾಗೆ ತುಳುವಿನಲ್ಲಿ ಸೌದೆಗೆ ‘ಕಣಕು’ ಎಂಬ ಬೇರೆಯೇ ಪದವಿದೆ.

ಸಂಸ್ಕೃತದ ‘ಇಂಧನ’ ಹುಟ್ಟಿದ್ದೂ ಇಲ್ಲೇ. ಹೊತ್ತಿಸು ಎಂಬ ಅರ್ಥದ ‘ಇಂಧ್’ ಧಾತುವಿನಿಂದ ಬಂದ ಪದ ಅದು, ಮೊದಲು ಅದರ ಅರ್ಥ ಸೌದೆ ಎಂದೇ. ಈಗ ಇಂಧನ ಬೆಲೆ ಏರಿತು ಅಂದರೆ ಪೆಟ್ರೋಲು, ಡೀಸೆಲ್ಲು. ಅದೇ ಧಾತುವಿನ ಇನ್ನೊಂದು ಮಗು ‘ಸಮಿತ್ತು’, ಹೋಮಕ್ಕೆ ಹಾಕುವ ಕಡ್ಡಿ. ಇದರಲ್ಲಿ ಯಾವ ಮರ ಎಂಬುದು ಮುಖ್ಯ. ನವಗ್ರಹ ಹೋಮದಲ್ಲಿ ಸೂರ್ಯನಿಗೆ ಎಕ್ಕ, ಚಂದ್ರನಿಗೆ ಮುತ್ತುಗ, ಗುರುವಿಗೆ ಅಶ್ವತ್ಥ, ಶುಕ್ರನಿಗೆ ಅತ್ತಿ, ಶನಿಗೆ ಬನ್ನಿ. ಪುರೋಹಿತರು ‘ಸಮಿತ್ತು ತನ್ನಿ’ ಅಂದಾಗ ಸೌದೆ ಹೊರೆ ತಂದು ಹಾಕಿದರೆ ಕೆಲಸ ಕೆಟ್ಟಂತೆ.

ಮನೆ ಕಟ್ಟುವ ಮರಕ್ಕೆ ಬೇರೆ ಗುಂಪಿನ ಪದಗಳಿವೆ. ಹಳೆಯ ಮೈಸೂರಿನವರು ‘ಚೌಬೀನೆ’ ಅನ್ನುತ್ತಿದ್ದರು. ನಾನು ಮೇಲೆ ಹೇಳಿದ ಪಾರ್ಸಿ ಚೋಬ್ ಇದರೊಳಗೂ ಇದೆ. ಮಲೆನಾಡು, ಕೊಡಗಿನ ಕಡೆ ‘ಮೋಪು’. ‘ಮನೆಗೆ ಮೋಪು ಹೊಂದಿಸಿಕೊಂಡೆ’ ಅಂದರೆ ತೊಲೆ, ಕಂಬ, ಜಂತೆಗೆ ಬೇಕಾದ ಮರ ಕೂಡಿಸಿಕೊಂಡೆ ಎಂದು. ‘ಮರಮುಟ್ಟು’ ಕೂಡ ಇದೇ ಅರ್ಥದ್ದು. ಅರಣ್ಯ ಇಲಾಖೆಯ ಕನ್ನಡದಲ್ಲಿ ‘ನಾಟಾ’. ದಾಂಡೇಲಿಯಂಥ ಕಡೆ ‘ಸರ್ಕಾರಿ ನಾಟಾ ಸಂಗ್ರಹಾಲಯ’ ಎಂಬ ಫಲಕ ನೋಡಿ ಅಲ್ಲಿ ನಾಟಕದ ಸಾಮಾನು ಇಟ್ಟಿದ್ದಾರೆ ಎಂದುಕೊಂಡವರಿದ್ದಾರೆ. ಅಲ್ಲಿರುವುದು ಹರಾಜಿಗೆ ಜೋಡಿಸಿಟ್ಟ ದಿಮ್ಮಿಗಳು. ಇವು ಯಾವುದನ್ನೂ ಒಲೆಗೆ ಹಾಕುವ ಸೌದೆಗೆ ಹೇಳುವುದಿಲ್ಲ. ಮನೆಯೊಳಗೆ ಸೇರಿದ ಮೇಲೆ ಆ ಮರಕ್ಕೆ ಅದರ ಕೆಲಸದ ಹೆಸರೇ ಗಟ್ಟಿ: ತೊಲೆ, ಜಂತೆ, ಹಲಗೆ, ರೀಪು. ಕರಾವಳಿಯಲ್ಲಿ ಹೆಂಚಿನ ಮಾಡಿನ ಕೆಳಗಿನದಕ್ಕೆ ಪಕ್ಕಾಸು.

‘ಕೊರಡು’ ಪದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪಟ್ಟಿಗಳಲ್ಲಿ ಇದನ್ನು ‘ಮರದ ತುಂಡು’ ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಕೊರಡಿನ ಜೀವಾಳ ಇರುವುದು ಅದರ ಒಣತನದಲ್ಲಿ. ರೆಂಬೆ, ಎಲೆ ಎಲ್ಲ ಹೋಗಿ, ಮತ್ತೆ ಚಿಗುರುವ ಆಸೆ ಉಳಿಯದ ಬೋಳು ತುಂಡು. ಅದಕ್ಕೇ 12ನೇ ಶತಮಾನದಲ್ಲಿ ಬಸವಣ್ಣನವರು ‘ನೀನೊಲಿದರೆ ಕೊರಡು ಕೊನರುವುದಯ್ಯಾ’ ಎಂದಾಗ ಆ ಮಾತಿಗೆ ಅಷ್ಟು ಬಲ ಬಂತು. ಅಲ್ಲಿ ಕೊರಡು ತೆಗೆದು ಮರ ಎಂದು ಹಾಕಿ ನೋಡಿ. ಮರ ಚಿಗುರುವುದರಲ್ಲಿ ಏನು ಆಶ್ಚರ್ಯ? ಸೌದೆ ಎಂದು ಹಾಕಿದರೂ ಕೆಡುತ್ತದೆ. ಸಮಾನಾರ್ಥಕ ಅನ್ನುವ ಪದಗಳು ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಲು ನನಗೆ ಗೊತ್ತಿಲ್ಲ.

ಕೊರಡು ಕೆಲಸದ ಪದವೂ ಹೌದು. ಬಡಗಿಯ ‘ಉಜ್ಜುಗೊರಡು’ ಅಂದರೆ ಹಲಗೆಯ ಮೈ ಉಜ್ಜಿ ನುಣುಪು ಮಾಡುವ ಸಾಧನ. ಹೊಲದಲ್ಲಿ ಹೆಂಟೆ ಒಡೆದು ನೆಲ ಸಮ ಮಾಡಲು ಎಳೆಸುವ ಮರದ ದಿಮ್ಮಿಗೂ ಕೆಲವೆಡೆ ಕೊರಡು ಅನ್ನುತ್ತಾರೆ. ದೇವರ ಮನೆಯಲ್ಲಿ ಸಾಣೆಕಲ್ಲಿನ ಮೇಲೆ ತೇಯುವುದು ‘ಗಂಧದ ಕೊರಡು’. ಇದನ್ನು ಯಾರೂ ಗಂಧದ ಕಟ್ಟಿಗೆ, ಗಂಧದ ಸೌದೆ ಎಂದು ತೇಯುವುದಿಲ್ಲ.

ಗಂಧದ ಮಾತು ಬಂದದ್ದರಿಂದ ‘ಕೆಚ್ಚು’, ‘ಚೇಗು’ ಎರಡನ್ನೂ ಹೇಳಿಬಿಡುತ್ತೇನೆ. ಬಲಿತ ಮರವನ್ನು ಅಡ್ಡ ಕೊಯ್ದರೆ ಹೊರಗೆ ತಿಳಿಬಣ್ಣದ ಬಳೆ, ಒಳಗೆ ಗಾಢ ಬಣ್ಣದ ನಡುಭಾಗ ಕಾಣುತ್ತದೆ. ಹೊರಗಿನ ಭಾಗದಲ್ಲಿ ನೀರು ಓಡಾಡುತ್ತಿರುತ್ತದೆ. ಒಳಗಿನದು ನೀರು ಸಾಗಿಸುವ ಕೆಲಸ ನಿಲ್ಲಿಸಿ, ರಾಳ, ಎಣ್ಣೆಯಂಥ ವಸ್ತುಗಳು ತುಂಬಿಕೊಂಡು ಗಟ್ಟಿಯಾಗಿರುತ್ತದೆ. ಆ ಒಳಭಾಗವೇ ಕೆಚ್ಚು ಅಥವಾ ಚೇಗು. ಬಾಗಿಲಿಗೆ, ತೊಲೆಗೆ ಬೇಕಾದದ್ದು ಅದು. ಹೊರಗಿನ ಬಿಳಿ ಭಾಗಕ್ಕೆ ಹುಳು ಬೇಗ ಬೀಳುತ್ತದೆ. ಕುಟ್ಟೆ ಹಿಡಿದ ಮರ ಎಂದರೆ ಹೆಚ್ಚಾಗಿ ಹೀಗೆ ಬಿಳಿ ಭಾಗ ಉಳಿಸಿಕೊಂಡದ್ದು. ಶ್ರೀಗಂಧದಲ್ಲಂತೂ ಪರಿಮಳ ಇರುವುದೇ ಕೆಚ್ಚಿನಲ್ಲಿ. ಹೊರಗಿನ ಬಿಳಿ ಮರಕ್ಕೆ ವಾಸನೆಯಿಲ್ಲ. ಧೈರ್ಯವಂತನ ಎದೆಗೆ ‘ಕೆಚ್ಚೆದೆ’ ಎಂದು ಹೆಸರಿಟ್ಟವರಿಗೆ ಮರದ ಒಳಗು ಚೆನ್ನಾಗಿ ಗೊತ್ತಿತ್ತು. ಕೆಚ್ಚು ಮತ್ತು ಎದೆ ಕೂಡಿ ಕೆಚ್ಚೆದೆ.

ಸಂಸ್ಕೃತದಿಂದ ಬಂದವುಗಳಲ್ಲಿ ಪರೀಕ್ಷೆಗೆ ಬರೆಯಬಹುದಾದವು ಎರಡು: ಕಾಷ್ಠ, ದಾರು. ಎರಡಕ್ಕೂ ಕಡಿದ ಮರ, ಕಟ್ಟಿಗೆ ಎಂಬ ಅರ್ಥವಿದೆ. ನಿಮ್ಮ ಮಗಳು ವೃಕ್ಷದ ಬದಲು ಕಾಷ್ಠ ಎಂದು ಬರೆದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಕಾಷ್ಠ ಈಗ ಆಡುಮಾತಿನಲ್ಲಿ ಇಲ್ಲ. ‘ಕಾಷ್ಠಮೌನ’ ಎಂಬ ಪದದಲ್ಲಿ ಉಳಿದಿದೆ. ಕೈಸನ್ನೆ, ಕಣ್ಣಸನ್ನೆ ಕೂಡ ಇಲ್ಲದೆ ಮರದ ತುಂಡಿನ ಹಾಗೆ ಇರುವ ಮೌನ ಅದು. ನೇಪಾಳದ ರಾಜಧಾನಿಯ ಹೆಸರಿನಲ್ಲೂ ಕಾಷ್ಠ ಇದೆ. ಕಾಠ್ಮಂಡು ಎಂಬ ಹೆಸರು ಬಂದದ್ದು ಅಲ್ಲಿನ ‘ಕಾಷ್ಠಮಂಡಪ’ ಎಂಬ ಹಳೆಯ ಮರದ ಮಂಟಪದಿಂದ. 2015ರ ಭೂಕಂಪದಲ್ಲಿ ಅದು ಕುಸಿಯಿತು. ಆಮೇಲೆ ಮತ್ತೆ ಕಟ್ಟಿದ್ದಾರೆ. ಇಲ್ಲಿ ಒಂದು ಎಚ್ಚರಿಕೆ. ‘ಪರಾಕಾಷ್ಠೆ’ಯಲ್ಲಿರುವುದು ಈ ಕಾಷ್ಠ ಅಲ್ಲ. ಅದು ಎಲ್ಲೆ, ಗುರಿ ಎಂಬ ಅರ್ಥದ ‘ಕಾಷ್ಠಾ’ ಎಂಬ ಬೇರೆ ಪದ. ಪರಾಕಾಷ್ಠೆ ಅಂದರೆ ಕೊನೆಯ ಎಲ್ಲೆ.

ದಾರು ಹೆಚ್ಚಾಗಿ ದೇವರ ಹತ್ತಿರದ ಪದ. ದೇವದಾರು ಅಂದರೆ ದೇವರ ಮರ. ಪುರಿಯ ಜಗನ್ನಾಥನನ್ನು ದಾರುಬ್ರಹ್ಮ ಅನ್ನುತ್ತಾರೆ. ಅಲ್ಲಿನ ಮೂರ್ತಿಗಳು ಬೇವಿನ ಮರದವು. 2015ರ ನವಕಳೇಬರದಲ್ಲಿ ಹೊಸ ಮೂರ್ತಿಗಳನ್ನು ಮಾಡಿದಾಗ, ಅದಕ್ಕೆಂದು ಹುಡುಕಿ ತಂದ ಮರಕ್ಕೂ ದಾರು ಎಂದೇ ಹೆಸರು. ನಮ್ಮಲ್ಲಿ ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ದೊಡ್ಡ ದೊಡ್ಡ ಮರದ ಮೂರ್ತಿಗಳನ್ನು ವಿದ್ವಾಂಸರು ದಾರುಶಿಲ್ಪ ಎಂದು ಬರೆಯುತ್ತಾರೆ. ಊರವರು ‘ಉರು’ ಅನ್ನುತ್ತಾರೆ. ಕೆಂಪು ಬಣ್ಣ ಬಳಿದ ಆ ಆಳೆತ್ತರದ ಉರುಗಳ ಮುಂದೆ ನಿಂತರೆ ಇದು ಕಡಿದ ಮರ ಎಂಬುದೇ ಮರೆತುಹೋಗುತ್ತದೆ. ಹಿಂದಿಯಲ್ಲಿ ಹೆಂಡಕ್ಕೆ ಹೇಳುವ ‘ದಾರೂ’ ಪಾರ್ಸಿಯಿಂದ ಬಂದದ್ದು, ಅದನ್ನು ಇದರ ಜೊತೆ ಬೆರೆಸಬೇಡಿ.

ಇಷ್ಟು ಹೇಳಿದ ಮೇಲೆ ನಿಮ್ಮ ಮಗಳಿಗೆ ಒಂದು ಸುಲಭದ ದಾರಿ. ಪದ ಬರೆಯುವ ಮೊದಲು ಎರಡು ವಾಕ್ಯಗಳಲ್ಲಿ ಅದನ್ನು ಕೂರಿಸಿ ನೋಡಲಿ: ‘ಒಲೆಗೆ ___ ಹಾಕಿದರು’ ಮತ್ತು ‘ಈ ಬಾಗಿಲು ___ದಿಂದ ಮಾಡಿದ್ದು’. ಮೊದಲನೆಯದರಲ್ಲಿ ಸೌದೆ, ಉರುವಲು ಕೂರುತ್ತವೆ. ಎರಡನೆಯದರಲ್ಲಿ ಮರ, ಕಾಷ್ಠ, ದಾರು ಕೂರುತ್ತವೆ. ಉತ್ತರ ಕರ್ನಾಟಕದ ಕಟ್ಟಿಗೆ ‘-ಯಿಂದ’ ಎಂದು ಬದಲಿಸಿಕೊಂಡು ಎರಡರಲ್ಲೂ ಕೂರುತ್ತದೆ. ವೃಕ್ಷ, ತರು ಎರಡರಲ್ಲೂ ಕೂರುವುದಿಲ್ಲ. ಎರಡು ಪದ ಕೇಳಿದರೆ ‘ಸೌದೆ, ಕಾಷ್ಠ’ ಎಂದು ಬರೆಯಲಿ. ಮೂರನೆಯದು ಬೇಕಿದ್ದರೆ ‘ಉರುವಲು’.

ಈ ಸಲದ ಅಂಕಕ್ಕಾಗಿ ಶಿಕ್ಷಕರ ಹತ್ತಿರ ಒಮ್ಮೆ ಮಾತಾಡಿ. ಜಗಳವಾಡಬೇಕಿಲ್ಲ. ‘ಇಲ್ಲಿ ಕಟ್ಟಿಗೆ ಬಾಗಿಲು ಅಂತೀರಲ್ರಿ, ಹಂಗಾದ್ರ ಮರ ಬರದ್ರ ತಪ್ಪೇನ್ರಿ?’ ಎಂದು ಅವರದೇ ಮಾತಲ್ಲಿ ಕೇಳಿ. ಧಾರವಾಡದ ಶಿಕ್ಷಕರಿಗೆ ಅದು ತಕ್ಷಣ ಅರ್ಥವಾಗುತ್ತದೆ.